ಓಆರ್‌ಎಸ್ ಚಿಕಿತ್ಸೆಯ ಇತಿಹಾಸ

ಓಆರ್‌ಎಸ್ ಎಂಬುದು ವಾಂತಿಭೇದಿಯಲ್ಲಿ ದೇಹ ಕಳೆದುಕೊಂಡ ನೀರು ಮತ್ತು ಲವಣಗಳನ್ನು ಬಾಯಿಯ ಮೂಲಕ ತುಂಬಿಕೊಡುವ ದ್ರಾವಣ. ಗ್ಲೂಕೋಸ್, ಅಡುಗೆ ಉಪ್ಪು ಮತ್ತು ಇತರ ಲವಣಗಳನ್ನು ಗೊತ್ತಾದ ಪ್ರಮಾಣದಲ್ಲಿ ಬೆರೆಸಿದ ಪುಡಿಯ ರೂಪದಲ್ಲಿ ಇದು ಪೊಟ್ಟಣಗಳಲ್ಲಿ ದೊರೆಯುತ್ತದೆ.

ಹಿನ್ನೆಲೆ: ಕಾಲರಾ ರೋಗಿಯ ಜೀವ ತೆಗೆಯುವುದು ಮುಖ್ಯವಾಗಿ ನಿರ್ಜಲೀಕರಣ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ ರೋಗಿಗಳ ರಕ್ತನಾಳಕ್ಕೆ ಲವಣದ್ರಾವಣ ಹಾಯಿಸಿ ನೋಡಿದ. 20ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತದಲ್ಲಿ ಲಿಯೊನಾರ್ಡ್ ರಾಜರ್ಸ್ ಇದೇ ಮಾರ್ಗದಿಂದ ಸಾವಿನ ಪ್ರಮಾಣವನ್ನು ತಗ್ಗಿಸಿದ. ಆದರೆ ಶುದ್ಧೀಕರಿಸಿದ ದ್ರಾವಣ, ಸೂಜಿ, ನುರಿತ ಸಿಬ್ಬಂದಿ ಇಲ್ಲದ ಹಳ್ಳಿಗಳಿಗೆ ಈ ಚಿಕಿತ್ಸೆ ತಲುಪಲಿಲ್ಲ. ಕಲ್ಕತ್ತದ ವೈದ್ಯ ಹೇಮೇಂದ್ರನಾಥ ಚಟರ್ಜಿ 186 ರೋಗಿಗಳಿಗೆ ಬಾಯಿಯ ಮೂಲಕವೇ ಗ್ಲೂಕೋಸ್ ಬೆರೆತ ಉಪ್ಪುನೀರು ಕೊಟ್ಟು, ಅನುಭವವನ್ನು 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದು ಹೇಗೆ ಕೆಲಸ ಮಾಡುತ್ತದೆಂಬ ವಿವರಣೆ ಆಗ ಇರಲಿಲ್ಲ; ವರದಿ ಹೆಚ್ಚಿನ ಗಮನ ಸೆಳೆಯಲಿಲ್ಲ.

ಪ್ರಯೋಗಾಲಯದ ಶೋಧ: 1959ರಲ್ಲಿ ಕಲ್ಕತ್ತದ ಶಂಭುನಾಥ ಡೇ ಮೊಲದ ಕರುಳಿನ ಮೇಲೆ ಪ್ರಯೋಗ ನಡೆಸಿ, ಕಾಲರಾ ರೋಗಾಣು ಸ್ರವಿಸುವ ವಿಷವೇ ಕರುಳಿನಿಂದ ನೀರು ಸುರಿಯುವಂತೆ ಮಾಡುತ್ತದೆಂದು ತೋರಿಸಿದರು. ಮರುವರ್ಷ ಅಮೆರಿಕದ ರಾಬರ್ಟ್ ಕ್ರೇನ್, ಕರುಳಿನ ಜೀವಕೋಶಗಳು ಸೋಡಿಯಂ ಮತ್ತು ಗ್ಲೂಕೋಸನ್ನು ಜೊತೆಯಾಗಿ ಒಳಗೆಳೆದುಕೊಳ್ಳುತ್ತವೆ ಎಂಬ ವಿವರಣೆಯನ್ನು ಪ್ರಾಗ್ ನಗರದ ಸಮ್ಮೇಳನದಲ್ಲಿ ಮುಂದಿಟ್ಟ. ಇವೆರಡು ಒಳಗೆ ಹೋದರೆ ನೀರೂ ಹಿಂಬಾಲಿಸುತ್ತದೆ. ಕಾಲರಾದಲ್ಲಿಯೂ ಈ ದಾರಿ ಮುಚ್ಚುವುದಿಲ್ಲ.

ರೋಗಿಯ ಹಾಸಿಗೆಯ ಬಳಿ: ತತ್ತ್ವ ತಿಳಿದರೂ ಹದ ಸುಲಭಕ್ಕೆ ಸಿಗಲಿಲ್ಲ. 1962ರಲ್ಲಿ ಮನಿಲಾದಲ್ಲಿ ರಾಬರ್ಟ್ ಫಿಲಿಪ್ಸ್ ನಡೆಸಿದ ಪ್ರಯೋಗದಲ್ಲಿ ದ್ರಾವಣ ಅತಿಯಾಗಿ ಸಾಂದ್ರವಾಗಿತ್ತು. ಐವರು ರೋಗಿಗಳು ಮೃತಪಟ್ಟರು. 1968ರಲ್ಲಿ ಢಾಕಾದ ಕಾಲರಾ ಪ್ರಯೋಗಾಲಯದ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ರೋಗಿ ಕಳೆದುಕೊಂಡ ದ್ರವವನ್ನು ಅಳೆದು, ಅಷ್ಟನ್ನೇ ಕುಡಿಸುವ ಕ್ರಮ ಅನುಸರಿಸಿದರು. ರಕ್ತನಾಳದ ಮೂಲಕ ಕೊಡಬೇಕಾದ ದ್ರಾವಣದ ಅಗತ್ಯ ಸುಮಾರು ಶೇ. 80ರಷ್ಟು ಇಳಿಯಿತು.

ಶಿಬಿರದ ಪರೀಕ್ಷೆ: 1971ರ ಬಾಂಗ್ಲಾದೇಶ ವಿಮೋಚನಾ ಯುದ್ಧದ ವೇಳೆ ಗಡಿ ದಾಟಿ ಬಂದ ನಿರಾಶ್ರಿತರಲ್ಲಿ ಕಾಲರಾ ಹರಡಿತು. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ರಕ್ತನಾಳಕ್ಕೆ ಕೊಡುವ ದ್ರಾವಣ ಮುಗಿಯುತ್ತ ಬಂದಾಗ ದಿಲೀಪ್ ಮಹಾಲನೊಬಿಸ್ ಗ್ಲೂಕೋಸ್, ಅಡುಗೆ ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟರು. ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳಿಗೇ ವಹಿಸಿದರು. ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 3.6ಕ್ಕೆ ಇಳಿಯಿತು. ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಣೆಯಾಯಿತು.

ಪ್ರಸಾರ: ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಓಆರ್‌ಎಸ್ ಬಳಕೆಯನ್ನು ಜಗತ್ತಿನಾದ್ಯಂತ ಹರಡಿದವು. 1980ರ ದಶಕದಲ್ಲಿ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ನೀರಿಗೆ ಚಿಟಿಕೆ ಉಪ್ಪು, ಹಿಡಿ ಬೆಲ್ಲ ಹಾಕಿ ಕದಡುವುದನ್ನು ತಾಯಂದಿರಿಗೆ ಕಲಿಸಿದರು. 2002ರಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಪ್ರಮಾಣ ತಗ್ಗಿಸಿದ ಹೊಸ ಸೂತ್ರಕ್ಕೆ ಒಪ್ಪಿಗೆ ದೊರೆಯಿತು. ಈಗಿನ ಪೊಟ್ಟಣವನ್ನು ಒಂದು ಲೀಟರ್ ನೀರಿಗೆ ಬೆರೆಸಿದರೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್ ಇರುತ್ತದೆ. ನೀರು ಕಡಿಮೆಯಾದರೆ ದ್ರಾವಣ ಮತ್ತೆ ಸಾಂದ್ರವಾಗುತ್ತದೆ. ಪೊಟ್ಟಣದ ಮೇಲೆ ನೀರಿನ ಅಳತೆ ಮುದ್ರಿಸುವುದು ಈ ಕಾರಣಕ್ಕೆ.