ಪ್ರೇಮಪತ್ರದ ವೇಷ

ಮಾಡಬೇಕಾದ ಕೆಲಸಗಳನ್ನು ಸಾಲಾಗಿ ಬರೆದುಕೊಟ್ಟರೆ ಗಣಕಯಂತ್ರವು ಬೇಸರವಿಲ್ಲದೆ ನಡೆಸಿಕೊಡುತ್ತದೆ. ಇಂಥ ಬರಹಕ್ಕೆ ಸ್ಕ್ರಿಪ್ಟ್ ಎಂದು ಹೆಸರು. 1998ರ ವಿಂಡೋಸ್ 98ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯವರು ಇದಕ್ಕೆ ತಕ್ಕ ಏರ್ಪಾಟನ್ನು ಕೂಡಿಸಿದರು. ನೂರು ಕಡತಗಳ ಹೆಸರು ಬದಲಿಸುವಂಥ ಕೆಲಸ ಹಗುರವಾಯಿತು. ಆದರೆ ಈ ಆಳಿಗೆ ಒಡೆಯ ಯಾರು, ಕಳ್ಳ ಯಾರು ಎಂಬ ವಿವೇಚನೆ ಇರಲಿಲ್ಲ.

ಅದರ ಫಲವನ್ನು ಜಗತ್ತು 2000ದ ಮೇ 4ರಂದು ಕಂಡಿತು. ಫಿಲಿಪ್ಪೀನ್ಸಿನಿಂದ ಹೊರಟ ಇ-ಮೇಲ್ ಒಂದರ ತಲೆಬರಹ ‘ಐ ಲವ್ ಯೂ’. ಅದರೊಡನಿದ್ದ ಕಡತವು ಪ್ರೇಮಪತ್ರದಂತೆ ತೋರುತ್ತಿತ್ತು. ಅದು ಸ್ಕ್ರಿಪ್ಟ್ ಎಂದು ಸಾರುವ ಹೆಸರಿನ ಕೊನೆಯ ಮೂರಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸುತ್ತಿರಲಿಲ್ಲ. ತೆರೆದೊಡನೆ ಅದು ಚಿತ್ರಗಳ ಕಡತಗಳನ್ನು ಅಳಿಸಿ ಅಲ್ಲಿ ತನ್ನ ನಕಲನ್ನೇ ಇಟ್ಟಿತು. ಔಟ್‌ಲುಕ್ ವಿಳಾಸಪುಸ್ತಕದಲ್ಲಿದ್ದವರಿಗೆಲ್ಲ ಒಡೆಯನ ಹೆಸರಿನಲ್ಲಿಯೇ ಅದೇ ಓಲೆಯನ್ನು ಕಳುಹಿಸಿತು. ಬಂದದ್ದು ಪರಿಚಿತರಿಂದ, ಸಂಶಯಕ್ಕೆ ಎಡೆಯೆಲ್ಲಿ? ಲಂಡನ್ನಿನ ಕಾಮನ್ಸ್ ಸಭೆಯೂ ತನ್ನ ಇ-ಮೇಲ್ ವ್ಯವಸ್ಥೆಯನ್ನು ನಿಲ್ಲಿಸಬೇಕಾಯಿತು.

ಮನಿಲಾದ ತರುಣ ಓನೆಲ್ ಡಿ ಗುಜ್ಮಾನನ ಮೇಲೆ ಸಂಶಯ ಬಿದ್ದಿತು. ಆದರೆ ಇದಕ್ಕೆ ತಕ್ಕ ಕಾನೂನು ಆಗ ಅಲ್ಲಿರಲಿಲ್ಲವಾಗಿ ಮೊಕದ್ದಮೆ ನಿಲ್ಲಲಿಲ್ಲ. ಕಾನೂನು ಬಂದದ್ದು ಮುಂದಿನ ತಿಂಗಳು. ಅದನ್ನು ಬರೆದವನು ತಾನೇ ಎಂದು ಆತ ಒಪ್ಪಿದ ಸುದ್ದಿ ಹೊರಬಿದ್ದದ್ದು 2020ರಲ್ಲಿ. ನಮ್ಮ ಭಾರತದ ಮಾಹಿತಿ ತಂತ್ರಜ್ಞಾನ ಕಾಯಿದೆಯು 2000ದ ಅಕ್ಟೋಬರ್ 17ರಂದು ಜಾರಿಗೆ ಬಂದಿತು.

ಊರಿನಿಂದ ದೂರವಿರುವ ನಮಗೆ ನಂಟರ ಓಲೆ ಎಂದರೆ ಕೈ ತಡೆಯದು. ಆ ನಂಬಿಕೆಯೇ ಕಳ್ಳನಿಗೆ ಬಾಗಿಲಾದೀತು. ಹೆಸರು ಪರಿಚಿತವಾದರೆ ಸಾಲದು. ಕಳುಹಿಸಿದವರನ್ನು ಒಂದು ಮಾತು ಕೇಳಿಯೇ ತೆರೆಯೋಣ.