ಆರ್ಡರ್ ವಹಿಯಲ್ಲಿರೋ ವಿಮಾನಗಳು
ಲೆಕ್ಕದ ಕಥೆ | ಭಾಗ 4 ✈️

ನಮ್ಮಪ್ಪಂದು ನಿಡಗುಂದಿಯಲ್ಲಿ ವೆಲ್ಡಿಂಗ್ ಶಾಪ್. 2023ರ ಬೇಸಿಗೆಯಲ್ಲಿ ವಹಿ ತುಂಬ ಟ್ರ್ಯಾಕ್ಟರ್ ಟ್ರೇಲರ್ ಆರ್ಡರ್, ಒಟ್ಟು ಐದು. ಅದನ್ನ ನಂಬಿ ಉದ್ರಿ ಕಬ್ಬಿಣ ತಂದ್ರು. ಮಳೆ ಕೈಕೊಡ್ತು. ಮೂವರು ಬಂದು "ಈ ವರ್ಷ ಬ್ಯಾಡ್ರಿ" ಅಂದ್ರು. ಆ ವರ್ಷದ ನನ್ನ ಫೀ ಕಟ್ಟಿದ್ದು ಅವ್ವನ ಬಳೆ ಅಡ ಇಟ್ಟು. ಅವತ್ತಿಂದ "ಕಂಪನಿ ಆರ್ಡರ್ ಬುಕ್ ಇಷ್ಟು ಕೋಟಿ" ಅಂತ ಓದಿದಾಗೆಲ್ಲ ನಂಗೆ ಒಂದೇ ಪ್ರಶ್ನೆ: ಅದ್ರಾಗ ಕೈಗೆ ಬರೋದೆಷ್ಟು?

ನಮ್ಮೂರಿನ ಹೈವೇ ಹಿಡಿದು ಉತ್ತರಕ್ಕೆ ಹೋದ್ರೆ ಸೊಲ್ಲಾಪುರ. ಅಲ್ಲಿ 1882ರಲ್ಲಿ ಹುಟ್ಟಿದ ವಾಲ್‌ಚಂದ್ ಹೀರಾಚಂದ್, ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದ್ರು. ಇವತ್ತಿನ ಎಚ್‌ಎಎಲ್‌ನ ಮೂಲ ಅದೇ. ತರಬೇತಿ ವಿಮಾನ, ಫೈಟರ್, ಬಾಂಬರ್ ಮೂರನ್ನೂ ತಯಾರಿಸೋ ಯೋಜನೆ ಇತ್ತು. 1941ರಲ್ಲಿ ಮೊದಲ ಹಾರ್ಲೊ ವಿಮಾನ ಹಾರಿತು. ಆದ್ರೆ ಯುದ್ಧ ಹತ್ತಿರ ಬಂದಂಗೆ ಬ್ರಿಟಿಷ್ ಸರ್ಕಾರದ ಲೆಕ್ಕ ಬದಲಾಯ್ತು. 1942ರಲ್ಲಿ ಕಾರ್ಖಾನೆಯನ್ನೇ ತನ್ನ ಕೈಗೆ ತಗೊಂಡು, ತಯಾರಿಕೆ ಬದಿಗಿಟ್ಟು, ಮಿತ್ರಪಡೆಗಳ ವಿಮಾನ ರಿಪೇರಿಗೆ ಹಚ್ಚಿತು. ಬಾಂಬರ್ ಕಾಗದದಲ್ಲೇ ಉಳೀತು.

ಈಗಿನ ಅಂಕಿ ನೋಡ್ರಿ. 2024ರ ಮಾರ್ಚ್ ಕೊನೆಗೆ ಎಚ್‌ಎಎಲ್ ಆರ್ಡರ್ ಬುಕ್ ಸುಮಾರು 94,000 ಕೋಟಿ. ಒಂದೇ ವರ್ಷದಲ್ಲಿ 1.8 ಲಕ್ಷ ಕೋಟಿ ದಾಟಿತು. ಅದ್ರಾಗ 62,700 ಕೋಟಿಯ 156 ಪ್ರಚಂಡ ಹೆಲಿಕಾಪ್ಟರ್ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2025ರ ಮಾರ್ಚ್ 28ಕ್ಕೆ. ವರ್ಷ ಮುಗಿಯೋಕೆ ಮೂರೇ ದಿನ ಮೊದಲು! ಒಂದೂ ಹೆಲಿಕಾಪ್ಟರ್ ಕಟ್ಟದೇನೆ ಬುಕ್ ಉಬ್ಬಿತು.

ಒಂದಕ್ಕೆ ಎಷ್ಟು? 2025ರ ಸೆಪ್ಟೆಂಬರ್‌ನಲ್ಲಿ 97 ತೇಜಸ್‌ಗೆ 62,370 ಕೋಟಿ. ಭಾಗಿಸಿದ್ರೆ 643 ಕೋಟಿ. ಆದ್ರೆ ಅದು ಬರೀ ವಿಮಾನದ ರೇಟ್ ಅಲ್ಲ. ಜೊತೆಗಿನ ಉಪಕರಣ ಸೇರಿದೆ, ತೆರಿಗೆ ಸೇರಿಲ್ಲ.

ಆಮೇಲೆ ಟೈಮ್. 2021ರಲ್ಲಿ ಆರ್ಡರ್ ಆದ 83 ತೇಜಸ್‌ಗೆ ಅಮೆರಿಕದ ಜಿಇ ಕಂಪನಿಯಿಂದ 99 ಎಂಜಿನ್ ಬರಬೇಕಿತ್ತು. ಮೊದಲನೇದು ಬಂದಿದ್ದೇ 2025ರ ಮಾರ್ಚ್‌ನಲ್ಲಿ. ಎಂಜಿನ್ ಇಲ್ದೆ ವಿಮಾನ ಒಪ್ಪಿಸೋಕಾಗಲ್ಲ, ಒಪ್ಪಿಸದೆ ಪೂರ್ತಿ ದುಡ್ಡು ಬರಲ್ಲ. ಆರು ವರ್ಷ ಬಿಟ್ಟು ಬರೋ ನೂರು ರೂಪಾಯಿ ಇವತ್ತಿನ ನೂರಕ್ಕೆ ಸಮ ಅಲ್ಲ ಅಂತ ನಮ್ಮ ಬಿಕಾಂ ಪಾಠಾನೇ ಹೇಳುತ್ತೆ.

ಇನ್ನೊಂದು ಮಾತು: ಆರ್ಡರ್ ಬುಕ್ ಬ್ಯಾಲೆನ್ಸ್ ಶೀಟ್‌ನಲ್ಲಿ ಆಸ್ತಿ ಅಂತ ಬರಲ್ಲ. ಮುಂಗಡ ತಗೊಂಡಿದ್ರೆ ಅದು ಹೊಣೆ ಕಡೆಗೇ ಕೂಡುತ್ತೆ. ಕೆಲಸ ಮುಗಿಸೋವರೆಗೂ ಅದು ಗಿರಾಕಿಗೆ ಕೊಡಬೇಕಾದ ಬಾಕಿ.

ಈಗ ಅಪ್ಪನ ವಹಿಗೆ ನಾನು ಮೂರು ಕಾಲಂ ಹಾಕಿಕೊಟ್ಟೀನಿ: ಸಂಚಕಾರ ಬಂತಾ? ಕಬ್ಬಿಣ ಬಂತಾ? ಯಾವಾಗ ಕೊಡಬೇಕು? ಮೂರೂ ತುಂಬಿದ ಆರ್ಡರ್ ಮಾತ್ರ ಕೂಡಿಸ್ತೀವಿ. ಈ ತಿಂಗಳು ವಹಿಯಲ್ಲಿ ನಾಲ್ಕು ಐತಿ. ನಾವು ಎಣಿಸಿದ್ದು ಎರಡು.

ನಿಮ್ಮನೇಲೂ ಇಂಥ ವಹಿ ಐತೇನು? ಕಾಮೆಂಟ್‌ನಲ್ಲಿ ಹೇಳ್ರಿ 👇

#ಲೆಕ್ಕದಕಥೆ #ನಿಡಗುಂದಿ #ಎಚ್‌ಎಎಲ್ #ಬಿಕಾಂ