ಪಿತ್ತಕೋಶದ ದೀರ್ಘಕಾಲಿಕ ಉರಿಯೂತ: ತೊಡಕುಗಳು ಮತ್ತು ಚಿಕಿತ್ಸೆ

ಯಕೃತ್ತಿನ ಕೆಳಬದಿಯಲ್ಲಿರುವ ಸಣ್ಣ ಚೀಲವೇ ಪಿತ್ತಕೋಶ. ಯಕೃತ್ತು ಸ್ರವಿಸುವ ಪಿತ್ತರಸವನ್ನು ಶೇಖರಿಸಿ, ಜಿಡ್ಡಿನ ಆಹಾರ ಸೇವಿಸಿದಾಗ ಕರುಳಿಗೆ ಹರಿಸುವುದು ಅದರ ಕಾರ್ಯ. ಅದರಲ್ಲಿ ಕಲ್ಲುಗಳುಂಟಾಗಿ ಪದೇ ಪದೇ ಬಾವು ಬರುತ್ತಿದ್ದರೆ, ಕ್ರಮೇಣ ಕೋಶದ ಗೋಡೆ ದಪ್ಪವಾಗಿ ಸಂಕುಚಿತಗೊಳ್ಳುತ್ತದೆ. ಇದೇ ದೀರ್ಘಕಾಲಿಕ ಉರಿಯೂತ.

ಊಟದ ನಂತರ ಹೊಟ್ಟೆಯ ಬಲ ಮೇಲ್ಭಾಗದಲ್ಲಿ ಕಾಣಿಸಿ, ಬೆನ್ನಿಗೋ ಬಲ ಭುಜಕ್ಕೋ ಹಬ್ಬುವ ನೋವು ಮತ್ತು ವಾಕರಿಕೆ ಇದರ ಮುಖ್ಯ ಲಕ್ಷಣಗಳು. ನಮ್ಮ ಮನೆಗಳಲ್ಲಿ ಇದನ್ನು 'ಗ್ಯಾಸ್' ಎಂದು ಭಾವಿಸಿ, ಜೀರಿಗೆ ಕಷಾಯ ಕುಡಿದು ಸುಮ್ಮನಾಗುವುದುಂಟು. ಕೆಲವು ಗಂಟೆಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಕಲ್ಲು ಮಾತ್ರ ಅಲ್ಲಿಯೇ ಉಳಿದಿರುತ್ತದೆ.

ತೊಡಕುಗಳು

ಕಲ್ಲು ಪಿತ್ತಕೋಶದ ಕೊರಳಿನಲ್ಲಿ ಸಿಕ್ಕಿಕೊಂಡರೆ ಒಳಗೆ ಕೀವು ತುಂಬಬಹುದು, ಗೋಡೆ ಕೊಳೆತು ತೂತು ಬೀಳಬಹುದು. ಪಿತ್ತನಾಳಕ್ಕೆ ಜಾರಿದರೆ ಕಾಮಾಲೆ, ನಾಳದ ಸೋಂಕು ಅಥವಾ ಮೇದೋಜೀರಕ ಗ್ರಂಥಿಯ ಉರಿಯೂತ ಉಂಟಾಗಬಹುದು. ಕೊನೆಯ ಎರಡೂ ಪ್ರಾಣಾಪಾಯಕಾರಿ. ಬಹುವರ್ಷಗಳ ಉರಿಯೂತದಿಂದ ಪಿತ್ತಕೋಶದ ಕ್ಯಾನ್ಸರಿನ ಸಂಭವವೂ ಹೆಚ್ಚುತ್ತದೆ; ಆದರೆ ಅದು ವಿರಳ. ವೃದ್ಧರಲ್ಲಿ ಮತ್ತು ಮಧುಮೇಹಿಗಳಲ್ಲಿ ನೋವು ಅಲ್ಪವಾಗಿದ್ದರೂ ರೋಗ ಉಲ್ಬಣಿಸಿರಬಹುದು.

ಚಿಕಿತ್ಸೆ

ಅಲ್ಟ್ರಾಸೌಂಡ್ ಪರೀಕ್ಷೆಯಿಂದ ಕಲ್ಲುಗಳನ್ನು ಪತ್ತೆ ಹಚ್ಚಬಹುದು. ತೊಂದರೆ ಕೊಡದ ಕಲ್ಲುಗಳಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ. ನೋವು ಮರುಕಳಿಸುತ್ತಿದ್ದರೆ ಪಿತ್ತಕೋಶವನ್ನೇ ತೆಗೆಯುವುದು ಶಾಶ್ವತ ಪರಿಹಾರ. 1882ರಲ್ಲಿ ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಕ್ ಈ ಶಸ್ತ್ರಚಿಕಿತ್ಸೆಯನ್ನು ಮೊದಲಿಗೆ ನೆರವೇರಿಸಿದರು. ಸಣ್ಣ ರಂಧ್ರಗಳ ಮೂಲಕ ನಡೆಸುವ ಲ್ಯಾಪ್ರೋಸ್ಕೋಪಿ ವಿಧಾನವನ್ನು ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಆರಂಭಿಸಿದರು. ನಾಳದಲ್ಲಿ ಕಲ್ಲಿದ್ದರೆ ಬಾಯಿಯ ಮೂಲಕ ದೂರ್ಬೀನು ಇಳಿಸಿ (ಇ.ಆರ್.ಸಿ.ಪಿ.) ತೆಗೆಯುವುದುಂಟು. ಪಿತ್ತಕೋಶವಿಲ್ಲದೆಯೂ ಜೀರ್ಣಕ್ರಿಯೆ ಸಾಗುತ್ತದೆ. ಪಿತ್ತರಸ ನೇರವಾಗಿ ಕರುಳಿಗೆ ಹರಿಯುತ್ತದೆ.

ವರ್ಷಗಟ್ಟಲೆ ಮುಂದೂಡಿದರೆ ಅಂಗಾಂಗಗಳು ಒಂದಕ್ಕೊಂದು ಅಂಟಿಕೊಂಡು ಶಸ್ತ್ರಚಿಕಿತ್ಸೆ ಜಟಿಲವಾಗುತ್ತದೆ. ಹೊಟ್ಟೆಯನ್ನು ತೆರೆದೇ ಮಾಡಬೇಕಾಗಬಹುದು. 'ಮಗಳ ಮದುವೆಯಾಗಲಿ, ಆಮೇಲೆ ನೋಡೋಣ' ಎನ್ನುವವರು ಇದನ್ನು ಗಮನಿಸಬೇಕು.

ಪ್ರವಾಸದಲ್ಲಿ

ರಾಷ್ಟ್ರಕೂಟರ ಕೈಲಾಸ ದೇವಾಲಯವನ್ನು ನೋಡಲು ನಮ್ಮಲ್ಲಿ ಅನೇಕರು ಹಿರಿಯರೊಡನೆ ವೇರೂಳಿಗೆ ಹೋಗುತ್ತಾರೆ. ಅಲ್ಲಿ ಯಾರಿಗಾದರೂ ಚಳಿಜ್ವರ, ಕಣ್ಣು ಹಳದಿಯಾಗುವುದು ಅಥವಾ ಇಳಿಯದ ಹೊಟ್ಟೆನೋವು ಕಾಣಿಸಿದರೆ, ಊರಿಗೆ ಮರಳಿದ ಮೇಲೆ ತೋರಿಸೋಣವೆಂದು ಕಾಯಬಾರದು. ಸುಮಾರು 30 ಕಿ.ಮೀ. ದೂರದ ಛತ್ರಪತಿ ಸಂಭಾಜಿನಗರದಲ್ಲಿ 'ಘಾಟಿ' ಎಂದೇ ಹೆಸರಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹಳೆಯ ಸ್ಕ್ಯಾನ್ ವರದಿ ಜೊತೆಗಿದ್ದರೆ ವೈದ್ಯರಿಗೆ ಅನುಕೂಲ.

ನೋವು ಇಳಿದಿರುವಾಗಲೇ ವೈದ್ಯರನ್ನು ಕಂಡು ದಿನ ಗೊತ್ತುಮಾಡಿಕೊಳ್ಳುವುದು ಜಾಣತನ.